ಹಳದಿ ಕಣ್ಣು

ಭಾನುವಾರ, ಮಧ್ಯಾಹ್ನ

ಎರಡನೇ ಕೋಣೆಯ ನನ್ನ ದೆವ್ವಕ್ಕೆ,

ಮೊದಲನೇ ಕೋಣೆಯ ಹೆಣ ಮಾಡುವ ನಮಸ್ಕಾರ. ಅಕ್ಕನ ಮನೆಯಲ್ಲಿ ಸುಖವಾಗಿದ್ದೀಯ ಅಂದುಕೊಂಡಿದ್ದೇನೆ. ಈ ಕಾಗದ ಹರಿಯುವುದಿದ್ದರೆ ಪೂರ್ತಿ ಓದಿ ಹರಿ, ಮಾರಾಯ್ತಿ.

ನೀನು ಬಿಟ್ಟುಹೋದ ಮೇಲೂ ಪಾರ್ಕಿನ ದೆವ್ವದ ಮನೆ ನಡೆಯುತ್ತಿದೆ. ಪೆಟ್ಟಿಗೆಯೊಳಗೆ ಮಲಗಿರುತ್ತೇನೆ, ಪುಟ್ಟ ರೈಲು ಬರುತ್ತದೆ, ಧಡಕ್ಕನೆ ಎದ್ದು ಕೂರುತ್ತೇನೆ, ಜನ ಕಿರುಚುತ್ತಾರೆ. ನಿನ್ನ ಕೋಣೆಯ ದೀಪ ಆರಿಸಿಟ್ಟಿದ್ದಾರೆ. ಅಲ್ಲಿ ಕುರ್ಚಿ, ಕನ್ನಡಿ ಬಿಟ್ಟರೆ ಏನೂ ಇಲ್ಲ. ಆದರೆ ಹೊರಗೆ ಬಂದವರೆಲ್ಲ ಟಿಕೆಟ್ ಕೊಡುವವಳ ಹತ್ತಿರ ಹೇಳುವುದು ಒಂದೇ: ಹೆಣ ಪರವಾಗಿಲ್ಲ ಕಣ್ರೀ, ಕನ್ನಡಿ ಮುಂದೆ ಒಬ್ಬಳು ಹಳದಿ ಕಣ್ಣಿನವಳು ಕೂತಿದಾಳಲ್ಲ, ಅವಳನ್ನ ನೋಡಿ ಜೀವ ಬಾಯಿಗೆ ಬಂತು ಅಂತ.

ಮೊದಲು ರೈಲು ಓಡಿಸುವವನ ಕಿತಾಪತಿ ಅಂದುಕೊಂಡೆ. ಅವನು ಆಣೆ ಇಟ್ಟ. ನಿನ್ನೆ ನಾನೇ ಪೆಟ್ಟಿಗೆ ಬಿಟ್ಟು ರೈಲು ಹತ್ತಿದೆ. ಆ ಕತ್ತಲಲ್ಲಿ ನೀನು ಬೆನ್ನು ಮಾಡಿ ಕೂತು ಹುಬ್ಬು ಬೋಳಿಸಿಕೊಳ್ಳುತ್ತಿದ್ದೆ. ಬ್ಲೇಡಿನ ಸದ್ದು ಕೂಡ ಕೇಳಿಸಿತು. ನಿನ್ನ ವೇಷಕ್ಕೆ ನಾವು ಯಾವತ್ತೂ ಹಳದಿ ಬಳಿದವರಲ್ಲ. ಕನ್ನಡಿಯೊಳಗಿಂದ ಹಳದಿ ಕಣ್ಣು ನನ್ನ ಕಡೆ ತಿರುಗಿತು. ತಗೊಳ್ಳಿ, ಈಗ ನಿಮ್ಮ ಸರದಿ ಅಂತ ನೀನು ರೇಜರ್ ಚಾಚಿದೆ.

ಇದೂ ನನ್ನ ಆಟವೇ ಅನ್ನುತ್ತೀಯ. ಹಿಂದೊಮ್ಮೆ ಸತ್ತವನ ಹಾಗೆ ಬಿದ್ದುಕೊಂಡು, ನಿನ್ನ ಅಕ್ಕನನ್ನು ಅಳಿಸಿ, ಆಮೇಲೆ ಕಾಫಿ ಕೇಳಿದವನು ನಾನು. ನನ್ನನ್ನು ನಂಬಬೇಡ. ಡಾಕ್ಟರಮ್ಮನನ್ನು ನಂಬು.

ಕಣ್ಣಿನ ಪೊರೆ ತೆಗೆಸಲು ಹೋದಾಗ ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿತಲ್ಲ. ಶಾಲೆಯಲ್ಲಿ ಎ, ಬಿ ದಾಟದವನಿಗೆ ಈ ವಯಸ್ಸಿನಲ್ಲಿ ಸಿ ಬಂತು. ಲಿವರ್ ಕೆಡುತ್ತದೆ ಅಂದರು. ನನಗೆ ಗೊತ್ತಿದ್ದ ಲಿವರ್ ರೈಲು ನಿಲ್ಲಿಸುವುದೊಂದೇ. ನಿನ್ನ ಅಕ್ಕ ಮಾತ್ರ, ಇದು ಕಂಡವರ ಸಹವಾಸ ಮಾಡೋರಿಗೆ ಬರೋ ಕಾಯಿಲೆ, ಯಾವಳ ಹತ್ರ ಹೋಗಿದ್ನೋ ಕೇಳು ಅಂದಳು. ನೀನು ಕೇಳಲೂ ಇಲ್ಲ, ಸೂಟ್‌ಕೇಸ್ ತುಂಬಿಕೊಂಡು ಹೊರಟೆ.

ಡಾಕ್ಟರಮ್ಮ ಹೇಳಿದ್ದು ಬೇರೆ. ತಾತ, ಹಾಸಿಗೆಯಿಂದ ಹರಡೋದೇ ಇಲ್ಲ ಅಂತ ಹೇಳೋಕಾಗಲ್ಲ, ಆದ್ರೆ ಒಬ್ಬರಿಗೊಬ್ಬರು ಅಂತ ಬಾಳಿದ ಗಂಡ ಹೆಂಡ್ತಿ ಮಧ್ಯೆ ಅದು ತೀರಾ ಅಪರೂಪ. ಇದರ ದಾರಿ ರಕ್ತ, ನೀವಿಬ್ಬರೂ ಏನೇನು ಹಂಚಿಕೊಳ್ತೀರ ಹೇಳಿ ಅಂದರು. ಹೊದಿಕೆ, ಜಗಳ ಅಂದೆ. ಅವರು ನಗಲಿಲ್ಲ. ರೇಜರ್ ಅಂದಾಗ ಪೆನ್ನು ಕೆಳಗಿಟ್ಟರು.

ಹೌದಲ್ಲ. ಬುರುಡೆ ವೇಷಕ್ಕೆ ನನ್ನ ತಲೆ, ಬಿಳಿ ಬಣ್ಣ ಸರಿಯಾಗಿ ಕೂರಲಿ ಅಂತ ನಿನ್ನ ಹುಬ್ಬು, ಆಟ ಶುರುವಾಗುವ ಗಡಿಬಿಡಿಯಲ್ಲಿ ಒಂದೇ ಬ್ಲೇಡು. ಗೀರಿದರೆ ಒತ್ತಿಕೊಳ್ಳಲು ಒಂದೇ ಬಟ್ಟೆ. ಇನ್ನೂ ಚೆನ್ನಾಗೇ ಕಚ್ಚುತ್ತೆ ಬಿಡಿ, ಹೊಸದು ಯಾಕೆ ಅನ್ನುತ್ತಿದ್ದವಳು ನೀನೇ. ನಮ್ಮಿಬ್ಬರ ನಡುವೆ ಸವತಿ ಅಂತ ಇದ್ದರೆ ಆ ರೇಜರ್ ಒಂದೇ ಕಣೇ.

ಬಾಡಿಗೆ ಕೊಡದ ಭೂತದ ಹಾಗೆ ಇದು ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಕೂತಿರುತ್ತದಂತೆ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರಬಹುದಂತೆ. ಈಗಲೇ ಹಿಡಿದರೆ ಕೆಲವು ತಿಂಗಳ ಮಾತ್ರೆಗೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ನಾನು ನುಂಗಲು ಶುರು ಮಾಡಿದ್ದೇನೆ. ನೀನು ನನ್ನ ಹತ್ತಿರ ಬರದಿದ್ದರೂ ಸರಿ, ಯಾವತ್ತೂ ಬರದಿದ್ದರೂ ಸರಿ. ಈ ಕಾಗದ ತಲುಪಿದ ದಿನವೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೋ. ಆ ಕುರ್ಚಿಯಲ್ಲಿ ಕೂತವಳು ಯಾರು ಅಂತ ನನಗೆ ಗೊತ್ತಿಲ್ಲ. ಅವಳು ನೀನಾಗಬಾರದು.

ಇಂತಿ,
ಪೆಟ್ಟಿಗೆಯಲ್ಲಿದ್ದರೂ ಇನ್ನೂ ಉಸಿರಾಡುತ್ತಿರುವ ನಿನ್ನವನು

ತಾ.ಕ.: ನಿಮ್ಮಿಬ್ಬರಲ್ಲಿ ಯಾರಿಗಾದರೂ ಹಿಂದೆ ರಕ್ತ ಏರಿಸಿದ್ದರಾ ಅಂತಲೂ ಡಾಕ್ಟರಮ್ಮ ಕೇಳಿದರು. ಮಗಳು ಹುಟ್ಟಿದಾಗ ನಿನಗೆ ಏರಿಸಿದ್ದನ್ನು ಹೇಳಿದೆ. ಆ ಕಾಲದಲ್ಲಿ ರಕ್ತದಲ್ಲಿ ಇದನ್ನು ಹುಡುಕುವ ಪರೀಕ್ಷೆಯೇ ಇರಲಿಲ್ಲವಂತೆ. ಯಾರಿಂದ ಯಾರಿಗೆ ಬಂತು ಅನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ನಿನ್ನಲ್ಲೂ ಸಿಕ್ಕಿ, ಅಕ್ಕ ಕೇಳಿದರೆ, ಅವರಿಂದಲೇ ಬಂತು ಅನ್ನು. ಅವಳ ಬೈಗುಳ ನನಗೆ ಅಭ್ಯಾಸವಾಗಿದೆ.