ನೀವಿಲ್ಲದಾಗ ಓಡಿದ ಗಾಡಿ

ಅಲೆವೂರು
ಗುರುವಾರ, ೧೪ ನವೆಂಬರ್ ೨೦೨೪

ಆಶ್ರಿತಾಳ ಪ್ರೀತಿಯ ಅಪ್ಪನಿಗೆ,

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ಕಾಗದದಲ್ಲಿ ನಿಮ್ಮ ಹೆಸರು ಬರೆಯಲು ನನಗೆ ಕೈ ಬಾರದು, ಅದಕ್ಕೇ ಮಗಳ ಹೆಸರನ್ನು ಮುಂದೆ ಮಾಡಿದ್ದೇನೆ. ಹೇಗಿದ್ದೀರಿ? ಸಕ್ಕರೆ ಎಷ್ಟಿದೆ? ಫೋನಿನಲ್ಲಿ ಕೇಳಿದರೆ ಪ್ರತಿ ಸಲವೂ "ಕಂಟ್ರೋಲಿನಲ್ಲಿ ಉಂಟು ಮಾರಾಯ್ತಿ" ಎನ್ನುತ್ತೀರಿ, ಸಂಖ್ಯೆ ಮಾತ್ರ ಬಾಯಿಂದ ಹೊರಡುವುದಿಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಇಂಥ ಉತ್ತರ ಯಾವಾಗ ಬರುತ್ತದೆ ಎಂದು ಗೊತ್ತು. ಮಲಗುವ ಮುಂಚೆ ಖರ್ಜೂರ ತಿನ್ನುವುದನ್ನು ಬಿಟ್ಟಿದ್ದೀರಿ ಎಂದು ನಂಬಿದ್ದೇನೆ. ಬಿಡದಿದ್ದರೆ ಇವತ್ತೇ ಬಿಡಿ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಹಿಂದಿಗಿಂತ ವಾಸಿ. ಕಾರ್ಕಳದಲ್ಲಿ ಆಶ್ರಿತಾ ಮತ್ತು ಅಳಿಯ ಇಬ್ಬರೂ ಕ್ಷೇಮ. ಕೆಮ್ಮಣ್ಣಿನ ನಿಮ್ಮ ಅಕ್ಕನೂ ಈಗ ಓಡಾಡಿಕೊಂಡಿದ್ದಾರೆ.

ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿಮ್ಮ ಉತ್ತರ ಮುಗಿದಿರುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲ. ಪಕ್ಕದ ಮನೆಯ ಅಪೊಲೋನಿಯಾಳ ಮಗ ಆಶ್ಲಿ ರಜೆ ಮುಗಿಸಿ ಶನಿವಾರ ಒಮಾನಿನ ಸೊಹಾರಿಗೆ, ನಿಮ್ಮ ಕಂಪನಿಗೇ, ಹೊರಡುತ್ತಿದ್ದಾನಲ್ಲ. ಇವತ್ತು ಸಂಜೆ ಬಂದು ಕಟ್ಟು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಹಪ್ಪಳದ ಜೊತೆಗೆ ಇದೂ ಬರುತ್ತದೆ. ಇನ್ನೆರಡು ವರ್ಷದ ಕರಾರಿಗೆ ಈ ತಿಂಗಳ ಮೂವತ್ತರೊಳಗೆ ಸಹಿ ಹಾಕಬೇಕು ಎಂದಿರಿ. ಹಾಕಲೇ ಎಂದು ಕೇಳಲಿಲ್ಲ, ಹಾಕುತ್ತೇನೆ ಎಂದು ತಿಳಿಸಿದಿರಿ. ಈ ಡಿಸೆಂಬರಿನಲ್ಲಿ ಎಲ್ಲ ಮುಗಿಸಿಕೊಂಡು ಬಂದುಬಿಡುತ್ತೇನೆ ಎಂದು ಕಳೆದ ವರ್ಷದ ದೀಪಾವಳಿಗೆ ಈ ಜಗಲಿಯಲ್ಲೇ ಕುಳಿತು ಹೇಳಿದವರೂ ನೀವೇ. ಯಾಕೆ ಮಾತು ಬದಲಾಯಿತು ಎಂದರೆ "ಗಾಡಿ ಸಾಕಬೇಕಲ್ಲ" ಎನ್ನುತ್ತೀರಿ. ಆ ಸಹಿ ಬೇಡ ಎನ್ನಲು ಈ ಕಾಗದ. ಆದರೆ ಗಾಡಿಯ ಹೆಸರು ಹೇಳಿದ್ದೀರಿ, ಆದ್ದರಿಂದ ಮೊದಲು ಗಾಡಿಯ ಸುದ್ದಿಯನ್ನೇ ಬರೆಯುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ, ಕೋಪ ಮಾಡಿಕೊಳ್ಳದೆ ಓದಿ.

ಕಳೆದ ವರ್ಷದ ರಜೆಯಲ್ಲಿ ಈ ದೊಡ್ಡ ಗಾಡಿ ಕೊಂಡು, ಡಿಸೆಂಬರಿನಲ್ಲಿ ಹೊರಡುವಾಗ ನೀವು ಬೀಗದ ಕೈ ಕೊಟ್ಟು ಹೇಳಿದ್ದು ಎರಡೇ ಮಾತು. ಭಾನುವಾರ ಬೆಳಿಗ್ಗೆ ಟಾರ್ಪಾಲು ತೆಗೆದು ಹತ್ತು ನಿಮಿಷ ಸ್ಟಾರ್ಟ್ ಮಾಡಿಡು, ಆದರೆ ರಸ್ತೆಗೆ ಮಾತ್ರ ಇಳಿಸಬೇಡ, ನಿನ್ನ ಕೈಗೆ ಆಗುವ ಗಾಡಿಯಲ್ಲ. ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ನಮ್ಮ ಕಡೆ ಗಲ್ಫಿನವರ ಮನೆಗಳಲ್ಲೆಲ್ಲ ಇದೊಂದು ಭಾನುವಾರದ ಪೂಜೆ ತಾನೇ? ಎಂಟು ಗಂಟೆಗೆ ನಮ್ಮ ಓಣಿಯ ಐದು ಅಂಗಳಗಳಲ್ಲಿ ಐದು ಗಾಡಿಗಳು ಗುರುಗುಟ್ಟುತ್ತವೆ, ಹತ್ತು ನಿಮಿಷಕ್ಕೆ ಎಲ್ಲ ಬಾಯಿ ಮುಚ್ಚಿ ಮತ್ತೆ ಟಾರ್ಪಾಲು ಹೊದ್ದುಕೊಳ್ಳುತ್ತವೆ. ನಾನೂ ಕೊಡೆ ಹಿಡಿದು ನಿಂತು ಗಡಿಯಾರ ನೋಡುತ್ತಿದ್ದೆ. ಅಪೊಲೋನಿಯಾ ಮಾತ್ರ ಬೇಲಿಯಾಚೆ ಮಲ್ಲಿಗೆ ಮೊಗ್ಗು ಕೊಯ್ಯುತ್ತಾ, "ಟೀಚರೇ, ನಿಮ್ಮ ಎಮ್ಮೆಗೆ ಹಾಲು ಎಷ್ಟು ಉಂಟು?" ಎಂದು ಕೇಳುತ್ತಿದ್ದಳು. ಹೀಗೆ ಆರು ತಿಂಗಳು ಕಳೆಯಿತು.

ಜೂನ್ ಎರಡನೆಯ ವಾರ ಗಾಡಿಯಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ನಿಮಗೆ ತಿಳಿಸಿದರೆ ಅಲ್ಲಿ ಕುಳಿತು ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಕಟಪಾಡಿಯಲ್ಲಿ ಗ್ಯಾರೇಜು ಇಟ್ಟಿರುವ ಸ್ಟ್ಯಾನಿಸ್ಲಾಸರನ್ನು ಕರೆಸಿದೆ. ಅವರು ಒಂದು ಯಂತ್ರ ಸಿಕ್ಕಿಸಿ ನೋಡಿದರು, ನನ್ನ ಮುಖ ನೋಡಿದರು. "ಟೀಚರೇ, ಇದಕ್ಕೆ ಎಂತ ರೋಗವೂ ಇಲ್ಲ. ಮನೆಯಲ್ಲಿ ಕೂತು ಕೆಟ್ಟದ್ದು ಅಷ್ಟೆ." ಈ ಕಾಲದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇದೆಯಂತೆ. ದೂರ ಓಡಿದರೆ ಕಾವಿಗೆ ಆ ಮಸಿ ಸುಟ್ಟುಹೋಗುತ್ತದೆ. ನಿಂತಲ್ಲೇ ಹತ್ತು ಹತ್ತು ನಿಮಿಷ ಸ್ಟಾರ್ಟ್ ಮಾಡಿದರೆ ಮಸಿ ಕೂಡುತ್ತದೆ, ಸುಡುವುದಿಲ್ಲ. ಹಳೆಯ ಜೀಪಿನ ಕಾಲದ ಬುದ್ಧಿಯನ್ನು ನೀವು ನನಗೆ ಹೇಳಿದಿರಿ, ನಾನು ಪ್ರತಿ ಭಾನುವಾರ ಸ್ನಾನ ಮಾಡಿ ಬಂದು ಅದರ ಉಸಿರು ಕಟ್ಟಿಸಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಾರಕ್ಕೊಮ್ಮೆ ಒಂದೇ ಸಮನೆ ನಲವತ್ತು ಕಿಲೋಮೀಟರ್ ಓಡಿಸಿ, ಇಲ್ಲವಾದರೆ ದೊಡ್ಡ ಕೆಲಸ ಬೀಳುತ್ತದೆ ಎಂದರು. ಓಡಿಸುವವರು ಯಾರು? ಅವರೇ ಎರಡು ವಾರ ಪಕ್ಕದಲ್ಲಿ ಕುಳಿತು ನನಗೆ ಕಲಿಸಿದರು. ಲೈಸೆನ್ಸ್ ನನ್ನ ಹತ್ತಿರ ಮೊದಲೇ ಇತ್ತು, ನಮ್ಮ ಹಳೆಯ ಸಣ್ಣ ಕಾರಿನ ಕಾಲದ್ದು. ಹೌದು, ನಿಮ್ಮ ಗಾಡಿಯನ್ನು ಐದು ತಿಂಗಳಿಂದ ನಾನೇ ಓಡಿಸುತ್ತಿದ್ದೇನೆ. ಇದೇ ತಪ್ಪೊಪ್ಪಿಗೆ.

ಈಗ ಸ್ವಲ್ಪ ದೂರು. ಇಷ್ಟು ದೊಡ್ಡದನ್ನು ನಮ್ಮ ಊರಿನ ಅಳತೆಗೆ ಯಾರೂ ಮಾಡಿಲ್ಲ. ಓಣಿಯ ತಿರುವಿನಲ್ಲಿ ಹಿಂದೆ ಮುಂದೆ ಏಳು ಸಲ ಎಳೆದಾಡಬೇಕು. ಕಳೆದ ವರ್ಷ ನೀವೇ ಅಲ್ಲಿ ಕನ್ನಡಿಯನ್ನು ಗೋಡೆಗೆ ಉಜ್ಜಿಕೊಂಡು ಗೋಡೆಯನ್ನೇ ಬೈದಿರಲ್ಲ. ಕಡಿಯಾಳಿ ದೇವಸ್ಥಾನಕ್ಕೆ ಹೋದರೆ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮಂಗಳಾರತಿ ಮುಗಿಯುತ್ತದೆ. ಡೀಸೆಲ್ ಕುಡಿಯುವುದು ಸಾಲದು ಎಂದು ಅದಕ್ಕೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ನೀರೂ ಬೇಕು, ನಮ್ಮ ತೆಂಗಿಗೆ ಹಾಕುವ ಯೂರಿಯಾ ನಡೆಯುವುದಿಲ್ಲವಂತೆ, ಕೇಳಿ ನೋಡಿದೆ. ಮಳೆಗಾಲದಲ್ಲಿ ಇಲಿ ಬಂದು ವಯರು ಕಡಿದಿತ್ತು. ಮೀನಿನವಳು ಗಾಡಿ ಕಂಡ ದಿನ ಬಂಗುಡೆಯ ರೇಟು ಏರಿಸುತ್ತಾಳೆ. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳನ್ನು ಕರೆತರಲು ಕೇಳುತ್ತಾರೆ, ಇಲ್ಲವೆಂದರೆ ಮುಖ ಊದಿಸುತ್ತಾರೆ. ಮರಳು, ಕೆಸರು, ಬಂಡೆ ಎಂದು ಬರೆದ ಗುಂಡಿಯನ್ನು ಹೆಮ್ಮೆಯಿಂದ ತಿರುಗಿಸಿ ತೋರಿಸಿದ್ದಿರಿ. ಅಲೆವೂರಿನಲ್ಲಿ ಮರುಭೂಮಿಯನ್ನು ಎಲ್ಲಿಂದ ತರಲಿ ಹೇಳಿ.

ಎಲ್ಲಕ್ಕಿಂತ ಬೇಸರದ್ದು ಬೇರೆಯೇ ಇದೆ. ಅಷ್ಟು ಎತ್ತರದಲ್ಲಿ ಗಾಜು ಏರಿಸಿ ಕುಳಿತರೆ ಹೊರಗಿನ ಒಂದು ದನಿಯೂ ಕೇಳಿಸುವುದಿಲ್ಲ. ಆಗಸ್ಟಿನಲ್ಲಿ ಒಂದು ದಿನ ಮಣಿಪಾಲದ ಇಳಿಜಾರಿನಲ್ಲಿ ನನ್ನ ಹಳೆಯ ಸಹೋದ್ಯೋಗಿ ಸುಭಾಷಿಣಿ ಮಳೆಯಲ್ಲಿ ನಿಂತು ಕೈ ಬೀಸಿ ಕರೆದರಂತೆ, ನಾನು ನೋಡದೆ ಹೋದೆ. "ವಿನೋದಾ ಟೀಚರಿಗೆ ಈಗ ನಾವು ಕಾಣುವುದಿಲ್ಲ" ಎಂದು ಬೇರೆಯವರ ಹತ್ತಿರ ಹೇಳಿದರು. ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ, ಆದರೂ ಆ ಮಾತು ಒಳಗೆ ಉಳಿಯಿತು. ಆವತ್ತಿನಿಂದ ಮಳೆ ಬಂದರೂ ಎಡಗಡೆಯ ಗಾಜನ್ನು ನಾಲ್ಕು ಬೆರಳು ಇಳಿಸಿಯೇ ಓಡಿಸುತ್ತೇನೆ. ಸೀಟು ಸ್ವಲ್ಪ ನೆನೆಯುತ್ತದೆ, ಬೈಯಬೇಡಿ.

ಇಷ್ಟೆಲ್ಲ ದೂರಿದವಳು ಇನ್ನೊಂದು ಮಾತನ್ನೂ ಹೇಳಬೇಕು, ನನಗೆ ಗಾಡಿ ಇಷ್ಟವಾಗಿಬಿಟ್ಟಿದೆ. ಜುಲೈಯಲ್ಲಿ ಕೆಮ್ಮಣ್ಣಿನ ಹೊಳೆ ಉಕ್ಕಿ ರಸ್ತೆಗೆ ಬಂತು. ಅಕ್ಕನಿಗೆ ಮೂರು ದಿನದಿಂದ ಜ್ವರ, ಆಟೋದವರು ಯಾರೂ ಬರಲು ಒಪ್ಪಲಿಲ್ಲ. ನಾನು ಹೋದೆ. ಆ ನೀರಿನ ಮುಂದೆ ನಿಲ್ಲಿಸಿ ಒಮ್ಮೆ ಗಾಡಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದೆ, ಈಗ ಬರೆಯಲು ನಾಚಿಕೆಯಿಲ್ಲ. ಆ ಗುಂಡಿಯನ್ನು ಮೊದಲ ಸಲ ಕೆಸರಿಗೆ ತಿರುಗಿಸಿ ನಿಧಾನ ಇಳಿಸಿದೆ. ನೀರು ಬಾಗಿಲಿನ ಅರ್ಧಕ್ಕೆ ಬಂತು, ಗಾಡಿ ಒಮ್ಮೆಯೂ ಕೆಮ್ಮಲಿಲ್ಲ, ಎತ್ತು ಗದ್ದೆಯಲ್ಲಿ ನಡೆದ ಹಾಗೆ ನಡೆದು ಆಚೆ ಹತ್ತಿತು. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಂದು ಆಸ್ಪತ್ರೆಗೆ ಸೇರಿಸಿದೆ. ನಿಮಗೆ ಹೇಳಬೇಡಿ ಎಂದು ಅವರ ಕೈಲಿ ಆಣೆ ಹಾಕಿಸಿಕೊಂಡಿದ್ದೆ. ಆವತ್ತು ನೀವು ಈ ಗಾಡಿಗೆ ಯಾಕೆ ಅಷ್ಟು ಆಸೆಪಟ್ಟಿರಿ ಎಂದು ನನಗೆ ಅರ್ಥವಾಯಿತು. ಇಪ್ಪತ್ತೆರಡು ವರ್ಷ ಕಂಪನಿಯ ದೊಡ್ಡವರನ್ನು ಇಂಥದ್ದರಲ್ಲಿ ಕೂರಿಸಿ ಮರಳುಗುಡ್ಡ ಹತ್ತಿಸಿ ಇಳಿಸಿದವರು ನೀವು. ಸ್ವಂತಕ್ಕೆ ಒಂದು ಬೇಕು ಅನ್ನಿಸದೆ ಇರುತ್ತದೆಯೇ? ಕೊಂಡ ದಿನ ನಾನು ಆಡಿದ ಕೊಂಕು ಮಾತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಈಗ ಪ್ರತಿ ಭಾನುವಾರ ಅಪೊಲೋನಿಯಾಳ ಚರ್ಚಿನ ಪೂಜೆ ಮುಗಿಯುವುದನ್ನು ಕಾಯುತ್ತೇನೆ. ಇಗರ್ಜಿಯ ಬಾಗಿಲಲ್ಲೇ ಅವಳನ್ನು ಹತ್ತಿಸಿಕೊಂಡು ಕಾಪು ದಾಟಿ ಪಡುಬಿದ್ರಿಯವರೆಗೆ ಹೆದ್ದಾರಿ, ಅಲ್ಲಿಂದ ಬೆಳ್ಮಣ್ ದಾರಿಯಾಗಿ ಕಾರ್ಕಳ. ಮಸಿಯೂ ಸುಡುತ್ತದೆ, ಮಗಳ ಮುಖವೂ ನೋಡಿದಂತಾಗುತ್ತದೆ. ಬರುವಾಗ ಕಾಪು ದೀಪಸ್ತಂಭದ ಹತ್ತಿರ ನಿಲ್ಲಿಸಿ ನೆಲಗಡಲೆ ತಿನ್ನುತ್ತೇವೆ. ಮೊದಲ ದಿನ ಅವಳು ಜಪಸರ ಹಿಡಿದು ಕಣ್ಣು ಮುಚ್ಚಿಕೊಂಡೇ ಕಾರ್ಕಳ ತಲುಪಿದ್ದಳು, ಈಗ "ಆ ಲಾರಿಯನ್ನು ಹಿಂದೆ ಹಾಕಿ ಟೀಚರೇ" ಎಂದು ನನ್ನನ್ನು ಹುರಿದುಂಬಿಸುತ್ತಾಳೆ. ಐವತ್ತೈದು ದಾಟಿದ ಹೆಂಗಸರಿಬ್ಬರು ಹೀಗೆ ಹೋಗುವುದನ್ನು ಕಂಡು ಊರು ಮೊದಲು ನಕ್ಕಿತು, ಆಮೇಲೆ ಅಭ್ಯಾಸವಾಯಿತು.

ಆದರೆ ಪ್ರತಿ ಸಲ ಕಾಪುವಿನಲ್ಲಿ ಸಮುದ್ರ ನೋಡುತ್ತಾ ಕುಳಿತಾಗ ಒಂದೇ ಯೋಚನೆ. ಇದನ್ನು ಕೊಂಡವರು ನೀವು, ನೀವು ಇದರಲ್ಲಿ ಕುಳಿತದ್ದು ಬರೀ ಇಪ್ಪತ್ತಾರು ದಿನ. ಗಾಡಿ ಸಾಕಲು ನೀವು ಅಲ್ಲಿರಬೇಕು, ನೀವು ಅಲ್ಲಿರುವುದರಿಂದ ಗಾಡಿ ಇಲ್ಲಿ ನಿಲ್ಲಬೇಕು, ಇದೆಂಥ ಲೆಕ್ಕ? ನನ್ನ ಪಿಂಚಣಿ ಇದೆ, ನೀವು ಕೂಡಿಟ್ಟದ್ದಿದೆ, ಮಗಳ ಜವಾಬ್ದಾರಿ ಮುಗಿದಿದೆ. ಇಬ್ಬರಿಗೂ ಒಂದು ಗಾಡಿಗೂ ಅದು ಸಾಕು. ಮಾರುವ ಮಾತು ಮಾತ್ರ ಎತ್ತಬೇಡಿ, ನನಗೆ ಮನಸ್ಸಿಲ್ಲ. ನನಗೆ ನೀವು ಬೇಕು. ಇಷ್ಟು ವರ್ಷ ಇದನ್ನು ನೇರವಾಗಿ ಹೇಳಿರಲಿಲ್ಲ, ಹೇಳಿದರೆ ನಿಮಗೆ ಅಲ್ಲಿ ಕಷ್ಟವಾಗುತ್ತದೆ ಎಂದು. ಈಗ ಹೇಳುತ್ತಿದ್ದೇನೆ. ಪ್ರತಿ ವರ್ಷ ನಿಮ್ಮನ್ನು ಮಂಗಳೂರಿನ ವಿಮಾನಕ್ಕೆ ಬಿಟ್ಟುಬಂದು ಒಂಟಿ ತಟ್ಟೆಯಲ್ಲಿ ಉಣ್ಣುವುದು ನನಗೆ ಸಾಕಾಗಿದೆ.

ಹಪ್ಪಳ ನೂರು ಇದೆ, ಎಲ್ಲರಿಗೂ ಹಂಚಿ ಕಡೆಗೆ ನಿಮಗೆ ಇಲ್ಲದಂತೆ ಮಾಡಬೇಡಿ. ಉಪ್ಪಿನಕಾಯಿಯಲ್ಲಿ ಉಪ್ಪು ಕಡಿಮೆ ಹಾಕಿದ್ದೇನೆ, ಬೇಗ ಮುಗಿಸಿ. ಆಶ್ರಿತಾ ನಮಸ್ಕಾರ ತಿಳಿಸಿದ್ದಾಳೆ, ಅಕ್ಕ ಆಶೀರ್ವಾದ ಹೇಳಿದ್ದಾರೆ. ಕಡಿಯಾಳಿ ಅಮ್ಮನ ಪ್ರಸಾದದ ಕುಂಕುಮ ಸಣ್ಣ ಪೊಟ್ಟಣದಲ್ಲಿದೆ, ಸ್ನಾನ ಮಾಡಿ ಹಚ್ಚಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ವಿನೋದಾ

ಮರೆತ ಮಾತು: ಇಲ್ಲ, ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಆಶ್ಲಿ ಬಂದು ಜಗಲಿಯಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವನ ಮಾತನ್ನು ನಿಮ್ಮ ಹೆಸರಿನ ಸಮೇತ ಹಾಗೇ ಬರೆಯುತ್ತಿದ್ದೇನೆ: "ದೇವದಾಸಣ್ಣ ಕಂಪನಿಯ ಸ್ಟೋರಿನಲ್ಲಿ ಆರಾಮ ಇದ್ದಾರೆ ಟೀಚರೇ, ಡ್ರೈವಿಂಗ್ ಬಿಟ್ಟ ಮೇಲೆ ಟೆನ್ಶನ್ ಇಲ್ಲ" ಎಂದ. ನನಗೆ ಗೊತ್ತಿದೆ ಎಂದು ಎಣಿಸಿದ್ದ ಪಾಪ, ನನ್ನ ಮುಖ ನೋಡಿ ಗಾಬರಿಯಾದ. ಕೇಳಿ ಕೇಳಿ ಎಲ್ಲ ಹೇಳಿಸಿದೆ, ಅವನನ್ನು ಬೈಯಬೇಡಿ. ಸಕ್ಕರೆ ಕಣ್ಣಿಗೆ ಇಳಿದಿದೆ, ಮಾರ್ಚಿನಲ್ಲೇ ಕಂಪನಿಯ ಡಾಕ್ಟರು ನಿಮ್ಮ ಲೈಸೆನ್ಸಿಗೆ ಸಹಿ ಹಾಕಲಿಲ್ಲ. ಎಂಟು ತಿಂಗಳು ದಿನವೂ ನನ್ನ ಹತ್ತಿರ "ಈಗ ಸೈಟಿನಿಂದ ಬಂದೆ" ಎಂದಿರಲ್ಲ! ನಾನು ಅಷ್ಟು ಹೊರಗಿನವಳೇ? ನೀವು ಇನ್ನೆರಡು ವರ್ಷ ಅಲ್ಲಿರುತ್ತೇನೆ ಎಂದದ್ದು ಗಾಡಿ ಸಾಕಲು ಅಲ್ಲ. ಬಂದು ಅದನ್ನು ಓಡಿಸಲಾಗದೆ ಅಂಗಳದಲ್ಲಿ ಬರೀ ನೋಡಬೇಕಲ್ಲ ಎಂಬ ಸಂಕಟಕ್ಕೆ. ಮೇಲೆ ನಾನು ಓಡಿಸುವುದನ್ನು ಅಷ್ಟು ಜಂಬದಿಂದ ಬರೆದಿದ್ದೇನೆ, ಹರಿದು ಹಾಕೋಣ ಎಂದುಕೊಂಡೆ, ಸಮಯವಿಲ್ಲ. ಈ ಪುಟವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನಿಮಗೆ ಓದಲಾಗಲಿ ಎಂದು. ಮಣಿಪಾಲದ ಕಣ್ಣಿನ ಡಾಕ್ಟರ ಹತ್ತಿರ ನಾಳೆ ಬೆಳಿಗ್ಗೆಯೇ ನಿಮ್ಮ ಹೆಸರು ಬರೆಸುತ್ತೇನೆ. ಗಾಡಿ ಕಣ್ಣೆದುರು ಇರುವುದು ಬೇಡ ಎಂದರೆ ನೀವು ಇಳಿಯುವ ಮೊದಲೇ ಮಾರಿ, ಬಸ್ಸಿನಲ್ಲಿ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇನೆ. ಇರಲಿ ಎಂದರೆ ನಾನೇ ಓಡಿಸಿಕೊಂಡು ಬರುತ್ತೇನೆ, ನೀವು ಪಕ್ಕದಲ್ಲಿ ಕುಳಿತು ಎಷ್ಟು ಬೇಕಾದರೂ ತಪ್ಪು ಹುಡುಕಿ. ಎರಡರಲ್ಲಿ ಯಾವುದಾದರೂ ನನಗೆ ಸರಿಯೇ. ಆ ಕರಾರಿನ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ.