ಮುಳ್ಳು ಹಚ್ಚಿದ ಬಾಗಿಲು

ಬನ್ನಿಪೇಟೆ, ಕುಷ್ಟಗಿ ತಾಲ್ಲೂಕು
ಚಿತ್ರಭಾನು ಸಂವತ್ಸರ, ಪುಷ್ಯ ಬಹುಳ ದಶಮಿ, ಸನ್ 1943

ಯಲಬುರ್ಗಿಯಲ್ಲಿರುವ ನನ್ನ ಮಗಳು ಸೌಭಾಗ್ಯವತಿ ಶಂಕ್ರಮ್ಮನಿಗೆ ನಿನ್ನ ಅವ್ವ ತಲೆ ನೇವರಿಸಿ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಭಾರತ ಹುಣ್ಣಿಮೆ ಮುಗಿದ ಮೇಲೆ ಬಂಡಿ ಕಳಿಸು, ಬಾಣಂತನಕ್ಕೆ ಬರುತ್ತೇನೆ ಎಂದು ಬರೆದಿದ್ದೀ. ಈ ಸಲ ಬೇಡ ಮಗಳೇ. ದಾರಿ ಬಹಳ ಕೆಟ್ಟಿದೆ, ದಿನ ತುಂಬಿದವಳು ಬಂಡಿಯಲ್ಲಿ ಕುಲುಕಬಾರದು. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗುತ್ತಿಲ್ಲ, ಬಾಣಂತಿಯ ಕೋಣೆಯಲ್ಲಿ ದೀಪ ಆರಬಾರದು. ಸೂಲಗಿತ್ತಿ ಹಂಪವ್ವನ ಕಣ್ಣು ಮಂಜಾಗಿವೆ. ನನ್ನ ಸೊಂಟವೂ ಮೊದಲಿನಂತಿಲ್ಲ.

ಇಷ್ಟು ಬರೆದು ಪೆನ್ಸಿಲ್ ಕೆಳಗಿಟ್ಟೆ. ಎಂಥ ಸುಳ್ಳುಗಳು ಇವು! ಹಂಪವ್ವ ಮೊನ್ನೆ ನನ್ನೆದುರೇ ಸೂಜಿಗೆ ದಾರ ಪೋಣಿಸಿದಳು. ನನ್ನ ಸೊಂಟಕ್ಕೆ ಯಾವ ಧಾಡಿಯೂ ಇಲ್ಲ. ನಿಜ ಒಂದೇ. ನಿನ್ನನ್ನು ಕರೆದುಕೊಳ್ಳಲು ನನಗೆ ಮನೆಯಿಲ್ಲ. ನಮ್ಮ ಮನೆಯನ್ನು ಊರ ಕಮಿಟಿ ತೆಗೆದುಕೊಂಡಿತು.

ಎದೆ ಗಟ್ಟಿ ಮಾಡಿಕೊಂಡು ಓದು. ನಿನ್ನ ಅತ್ತೆ ಕಳಕಮ್ಮನವರ ಎದುರು ಓದಬೇಡ.

ನೂಲ ಹುಣ್ಣಿಮೆಯ ಮರುದಿನ ನಿಮ್ಮಪ್ಪ ಹೋದರಲ್ಲ, ಆಗ ಧನಿಷ್ಠಾ ನಕ್ಷತ್ರವಿತ್ತು, ಪಂಚಕದ ಸಾವು. ಅಂಥ ಸಾವಾದ ಮನೆಯನ್ನು ಆರು ತಿಂಗಳು ಬಿಟ್ಟು ಬಾಗಿಲಿಗೆ ಮುಳ್ಳು ಹಚ್ಚಬೇಕು ಎಂದು ಓಣಿಯೆಲ್ಲ ಹೇಳಿತು. ನಮ್ಮ ಮಠದ ಅಯ್ಯನವರು ಮಾತ್ರ ನಕ್ಕರು. "ಲಿಂಗವಂತರಿಗೆ ಎಲ್ಲೀ ಪಂಚಕ, ಎಲ್ಲೀ ನಕ್ಷತ್ರ? ಸುಮ್ನ ಇರ್ರಿ ನಿಮ್ಮ ಮನ್ಯಾಗ" ಅಂದರು. ನಾನು ಅವರ ಮಾತಿನಂತೆಯೇ ಇರುತ್ತಿದ್ದೆ. ಆದರೆ ನಿನ್ನ ಅತ್ತೆ ಹೇಳಿ ಕಳಿಸಿದರು, ಮುಳ್ಳು ಹಚ್ಚದಿದ್ದರೆ ಚೊಚ್ಚಲ ಬಸುರಿಯನ್ನು ಆ ಮನೆಗೆ ಕಳಿಸುವುದಿಲ್ಲ ಎಂದು. ನೀನು ತವರಿಗೆ ಬರಬೇಕಲ್ಲ! ಅದಕ್ಕಾಗಿ ಒಲೆ ಆರಿಸಿ, ದೀಪ ತೆಗೆದು, ಹೊರಗೆ ಬಂದೆ. ನಿಮ್ಮ ಕಾಕಾ ಉಮಾಪತಿ ತಾನೇ ಹಳ್ಳದ ದಂಡೆಗೆ ಹೋಗಿ ಬಾರಿ ಮುಳ್ಳು ಕಡಿದು ತಂದ. ಹೊಸ್ತಿಲಿಗೆ ಅಡ್ಡಲಾಗಿ ಬಿಗಿದು ಕಟ್ಟಿದ. ಅವನ ಅಂಗೈಯಲ್ಲಿ ಮುರಿದ ಮುಳ್ಳನ್ನು ಪಿನ್ನಿನಿಂದ ತೆಗೆದವಳು ನಾನೇ. "ಆರು ತಿಂಗಳು ನಮ್ಮ ಮನ್ಯಾಗ ಇರ್ರಿ ವೈನಿ, ನಿಮಗೇನು ಕಡಿಮಿ ಮಾಡ್ತೀವಿ?" ಅಂದ. ಅವನ ಮನೆಗೆ ಹೋದೆ.

ಇತ್ತ ಊರಿನಲ್ಲಿ ಲೆವಿ ಜೋಳದ ಗೋದಾಮು ಬರುತ್ತದೆಂದು ಗದ್ದಲ. ಸರ್ಕಾರ ರೈತರಿಂದ ವಸೂಲಿ ಮಾಡುವ ಜೋಳ ತುಂಬುವ ಗೋದಾಮು. ಅದರ ಸಾಹೇಬರಿಗೆ ಊರೇ ಮನೆ ಕೊಡಬೇಕು, ಕೊಡದಿದ್ದರೆ ಗೋದಾಮು ಹನುಮಸಾಗರಕ್ಕೆ ಹೋಗುತ್ತದೆ ಎಂದು ಹುಕುಂ. ಕಮಿಟಿಯಲ್ಲಿ ಮನೆ ಕಟ್ಟಿಸುವಷ್ಟು ಹಣ ಇತ್ತಂತೆ. ಆದರೆ ದೀಪಾವಳಿಯ ಹೊತ್ತಿಗೆ ಸುಭೇದಾರ ಸಾಹೇಬರು ಬಂದರಲ್ಲ, ಅವರಿಗೆ ಕಮಾನು, ಬ್ಯಾಂಡು, ಊಟ ಎಂದು ಅದನ್ನೆಲ್ಲ ಕರಗಿಸಿದ್ದರು. ಸುಭೇದಾರರ ಮೋಟಾರು ಆ ಕಮಾನಿನ ಕೆಳಗೆ ನಿಲ್ಲಲೂ ಇಲ್ಲ. ಈಗ ಮನೆ ಎಲ್ಲಿಂದ ತರಬೇಕು? ನಾಲ್ಕು ತಿಂಗಳು ಮುಚ್ಚಿದ ಮನೆಯನ್ನು ಕಮಿಟಿ ವಶಕ್ಕೆ ತೆಗೆದುಕೊಳ್ಳಬಹುದೆಂದು ಒಂದು ಕಾನೂನು ಹುಡುಕಿ ತೆಗೆದರು.

ಮುಚ್ಚಿದ ಮನೆ ಹುಡುಕುತ್ತಾ ಹೊರಟರು. ಮುದಿಯಪ್ಪ ಸಾವಕಾರನ ಪೇಟೆಯ ಮನೆ ನಿನಗೆ ಗೊತ್ತು, ನೀನು ಹುಟ್ಟುವುದಕ್ಕಿಂತ ಮೊದಲಿನಿಂದ ಖಾಲಿ ಬಿದ್ದಿದೆ. ಸಾವಕಾರ ಕಮಿಟಿಯ ಮೆಂಬರ. ಹಿಂದಿನ ದಿನವೇ ಪಡಸಾಲೆಯಲ್ಲಿ ಎರಡು ಎಮ್ಮೆ ತಂದು ಕಟ್ಟಿಸಿದ. ವಾಸ ಇದೆ ಎಂದು ಬರೆದುಕೊಂಡು ಮುಂದೆ ನಡೆದರು. ಎಮ್ಮೆ ಇದ್ದ ಮನೆ ವಾಸದ ಮನೆ, ನಾನು ಇಪ್ಪತ್ತೈದು ವರ್ಷ ಸಾರಿಸಿದ ಮನೆ ಪಾಳು ಮನೆ! ಅವರ ಬಾಯಿಗೆ ಮಣ್ಣು ಬೀಳಲಿ.

ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಹೇಳಬೇಕೆಂದು ಉರ್ದುವಿನಲ್ಲಿ ಕಾಗದ ಬರೆದು ನಮ್ಮ ಬಾಗಿಲಿಗೆ ಅಂಟಿಸಿದರು. ಅಂಟಿಸಿದವನು ಕಮಿಟಿಯ ಜವಾನ ಜಿಲಾನಸಾಬ. ಮುಳ್ಳು ಹಚ್ಚಿದ ಹೊಸ್ತಿಲ ಹತ್ತಿರ ಯಾರು ಹೋಗುತ್ತಾರೆ ಹೇಳು? ಓಣಿಯ ಹೆಂಗಸರು ನೀರಿಗೆ ಹೋಗುವಾಗ ಆ ಕಡೆಯ ಗೋಡೆ ಬಿಟ್ಟು ಈ ಕಡೆಯ ಗೋಡೆ ಹಿಡಿದು ನಡೆಯುತ್ತಿದ್ದರು. ನಾನಂತೂ ಅವಧಿ ಮುಗಿಯದೆ ಅತ್ತ ಮುಖ ಮಾಡುವಂತಿರಲಿಲ್ಲ. ಹದಿನೈದು ದಿನ ಆ ಕಾಗದ ಬಿಸಿಲು ಕಾಯಿಸಿಕೊಂಡು ಕೂತಿತು. ಜಿಲಾನಸಾಬನೇ ಒಂದು ದಿನ ಸಂತೆಯಲ್ಲಿ ಸಿಕ್ಕು, "ಯಾಕ್ ಬೇ ಯವ್ವಾ, ಸುಮ್ನ ಕುಂತೀರಿ? ನಾಳೆ ಮೀಟಿಂಗದಾಗ ಮನಿ ಹೋಗ್ತೈತಿ" ಅಂದಾಗಲೇ ನನಗೆ ವಿಷಯ ತಿಳಿದದ್ದು. ಪಾಪ, ಅವನು ನನಗೆ ಎಲ್ಲ ತಿಳಿದಿದೆ ಎಂದುಕೊಂಡಿದ್ದ.

ಆ ಸಂಜೆ ಉಮಾಪತಿಯನ್ನು ಕೇಳಿದೆ. ಅವನೂ ಮೆಂಬರ ಅಲ್ಲವೇ. "ನಾ ಅದೀನಲ್ಲ ವೈನಿ, ನೋಡ್ಕೊತೀನಿ" ಅಂದು ಊಟಕ್ಕೆ ಕೂತ. ನಂಬಿದೆ. ಆದರೂ ಮನಸ್ಸು ತಡೆಯದೆ ಮರುದಿನ ತಲೆತುಂಬ ಸೆರಗು ಹೊದ್ದು ಚಾವಡಿಗೆ ಹೋದೆ. ಹೆಂಗಸರಿಗೆ ಒಳಗೆ ಜಾಗವಿಲ್ಲ, ಕಟ್ಟೆಯ ಮೇಲೆ ಕಂಬ ಹಿಡಿದು ನಿಂತೆ. ತಹಸೀಲಿಯಿಂದ ಬಂದ ಸಾಹೇಬರು ನಡುವೆ, ಸುತ್ತಲೂ ಪಟಗ ಸುತ್ತಿದ ನಮ್ಮ ಊರ ಮೆಂಬರರು. ಬೀದಿ ದೀಪದ ಎಣ್ಣೆಯ ಮಾತೇ ಅರ್ಧ ಹೊತ್ತು ನಡೆಯಿತು, ಎಣ್ಣೆ ಕದ್ದವರು ಯಾರೆಂದು ಜಗಳ. ಆಮೇಲೆ ನಮ್ಮ ಮನೆ ಬಂತು. ಬಾಯಿ ತಡೆಯಲಿಲ್ಲ ನನಗೆ. "ಪಾಳು ಬಿದ್ದದ್ದಲ್ರೀ ಅದು, ಮುಳ್ಳು ಹಚ್ಚಿದ ಮನಿ. ಆ ಬಾಗಿಲದಾಗಿನ ಕಾಗದ ನಾ ಹೆಂಗ ನೋಡ್ಲಿ?" ಎಂದು ಹೊರಗಿನಿಂದಲೇ ಕೂಗಿದೆ.

ಸಾಹೇಬರು ಸಿಟ್ಟು ಮಾಡಲಿಲ್ಲ, ಸುಳ್ಳೇಕೆ ಹೇಳಲಿ. ಹಾಗೊಂದು ಪದ್ಧತಿ ಇದೆಯೇ ಎಂದು ಮೆಂಬರರನ್ನು ಕೇಳಿದರು. ಇದ್ದರೆ ಹದಿನೈದು ದಿನದ ಲೆಕ್ಕ ಬಿಟ್ಟು ನನ್ನ ಮಾತು ಕೇಳುತ್ತೇನೆ ಅಂದರಂತೆ, ಜಿಲಾನಸಾಬ ಆಮೇಲೆ ಹೇಳಿದ. ಅಷ್ಟು ಮಂದಿಯಲ್ಲಿ ಮುಳ್ಳು ಹಚ್ಚದ ಮನೆತನ ಯಾವುದಿತ್ತು? ಒಬ್ಬನೂ ತುಟಿ ಬಿಚ್ಚಲಿಲ್ಲ. ಸಾಹೇಬರು ಉಮಾಪತಿಯ ಕಡೆ ತಿರುಗಿ, ನಿಮ್ಮ ಅಣ್ಣನ ಮನೆಯಲ್ಲವೇ, ನೀವೇ ಹೇಳಿ ಅಂದರು.

ಉಮಾಪತಿ ಎದ್ದು ನಿಂತ. ನನಗೆ ಜೀವ ಬಂದಂತಾಯಿತು. "ಲಿಂಗವಂತರಿಗೆ ಪಂಚಕ ಇಲ್ರೀ ಸಾಹೇಬ್ರ. ಬೇಕಾದ್ರ ನಮ್ಮ ಅಯ್ಯನೋರನ್ನ ಕೇಳ್ರಿ" ಅಂದು ಕೂತುಬಿಟ್ಟ.

ಶಾಸ್ತ್ರಕ್ಕೆ ಅದು ಸುಳ್ಳಲ್ಲ ನೋಡು. ಅದನ್ನು ಸುಳ್ಳೆಂದು ನಾನು ಹೇಗೆ ಕೂಗಲಿ? ಗೋದಾಮಿನ ಮುಂದೆ ಹೊಸ ಅಂಗಡಿ ಜಾಗ ಹಂಚುವ ಮಾತು ಮುಂದಿನ ಮೀಟಿಂಗಿನಲ್ಲಿ ಇತ್ತಂತೆ, ಮೊದಲ ಜಾಗ ಅವನಿಗೇ ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳುವುದು? ಮುಳ್ಳು ಕಟ್ಟುವಾಗ ಅವನು ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದ ಎಂದು ಈಗಲೂ ನನಗೆ ಅನಿಸುತ್ತದೆ. ಅದೇ ಹೆಚ್ಚು ಉರಿಯುತ್ತದೆ.

ಎಲ್ಲರೂ ಕೈ ಎತ್ತಿದರು. ನನಗೆ ಹಳ್ಳದ ಆಚೆ, ಪ್ಲೇಗಿನ ವರ್ಷ ಗುಡಿಸಲು ಹಾಕಿದ್ದರಲ್ಲ, ಆ ಬಯಲಿನಲ್ಲಿ ಒಂದು ತುಂಡು ನೆಲ ಬರೆದುಕೊಟ್ಟರು. ಅಲ್ಲಿ ಹೋಗಿ ನೋಡಿ ಬಂದೆ. ಒಲೆಗಲ್ಲುಗಳು ಇನ್ನೂ ಹಾಗೇ ಇವೆ. ನೀರಿಲ್ಲ, ನೆರಳಿಲ್ಲ. ಅಲ್ಲಿ ಹೆರಿಗೆ ಮಾಡಿಸಲು ನಾನೇನು ಹುಚ್ಚಿಯೇ?

ಸಂಕ್ರಾಂತಿ ಕಳೆದ ಮೇಲೆ ಬಾಗಿಲು ತೆಗೆದರು. ಶಾಂತಿಯಿಲ್ಲ, ಪೂಜೆಯಿಲ್ಲ. ಮುಳ್ಳನ್ನು ಗೋದಾಮಿನ ಸಾಹೇಬರ ಸ್ನಾನದ ಒಲೆಗೆ ಹಾಕಿದರಂತೆ. ಕುಷ್ಟಗಿಯ ವಕೀಲರನ್ನು ಕೇಳಿಸಿದೆ. ಯುದ್ಧ ಮುಗಿಯುವವರೆಗೆ ಲೆವಿಯ ಮನೆಗೆ ಯಾರೂ ಕೈ ಹಚ್ಚುವಂತಿಲ್ಲ ಎಂದು ಹೇಳಿ ಕಳಿಸಿದರು. ಯುದ್ಧ ಮುಗಿಯುವುದೂ ಇಲ್ಲ, ಮುಗಿದರೆ ಇವರು ಕೊಡುವುದೂ ಇಲ್ಲ. ನಾನು ಆಸೆ ಬಿಟ್ಟಿದ್ದೇನೆ, ನೀನೂ ಬಿಡು.

ನಿನ್ನ ಅತ್ತೆಗೆ ಅವ್ವನಿಗೆ ಜ್ವರ ಎಂದು ಹೇಳು. ಅಲ್ಲೇ ಹಡೆ. ಸೊಸೆಗೆ ಬಾಣಂತನ ಮಾಡಬೇಕಾಯಿತೆಂದು ಅವರು ನಾಲ್ಕು ಮಾತು ಆಡಿಯಾರು, ತವರಿಲ್ಲದವಳು ಅಂದಾರು. ತಿರುಗಿ ಮಾತಾಡಬೇಡ, ಗೋಡೆಯ ಕಡೆ ಮುಖ ಮಾಡಿ ಮಲಗು. ಅಂಟಿನ ಉಂಡೆ, ಕೊಬ್ಬರಿ, ಖಾರಿಕ ಕಟ್ಟಿ ಬಂಡಿಯವರ ಕೈಯಲ್ಲಿ ಕಳಿಸಿದ್ದೇನೆ. ಕೂಸಿಗೆ ಎಣ್ಣೆ ಹಚ್ಚುವಾಗ ನೆತ್ತಿ ಒತ್ತಬಾರದು. ಮಗಳೇ, ಇದೆಲ್ಲ ಕೈಯಿಂದ ಮಾಡಬೇಕಾದದ್ದು, ಕಾಗದದಲ್ಲಿ ಬರೆಯುತ್ತಿದ್ದೇನೆ.

ನನ್ನ ಚಿಂತೆ ಬೇಡ. ಉಮಾಪತಿಯ ಮನೆಯ ಅನ್ನ ಬೇಡವಾಯಿತು, ಬಿಟ್ಟು ಬಂದೆ. ಒಳ್ಳೆಯ ಕಡೆ ಇದ್ದೇನೆ. ಎರಡು ಹೊತ್ತು ರೊಟ್ಟಿಗೆ ಕೊರತೆಯಿಲ್ಲ.

ಇಂತಿ ನಿನ್ನನ್ನು ನೋಡಲು ಬಾಯಿ ಬಿಡುತ್ತಿರುವ
ಅವ್ವ, ಬಸವಣ್ಣೆಮ್ಮ

ತಾ. ಕ.: ಕೂಸು ಹುಟ್ಟಿದ ಸುದ್ದಿ ಹೇಳಲು ಅಳಿಯಂದಿರು ಬಂದರೆ ಉಮಾಪತಿಯ ಮನೆಗೆ ಹೋಗಬಾರದು. ನಮ್ಮ ಮನೆಗೇ ಬರಲಿ, ಆದರೆ ಮುಂಬಾಗಿಲಿಂದ ಬೇಡ. ಹಿತ್ತಲಲ್ಲಿ ನಿಂತು ಕರೆಯಲಿ. ಸಾಹೇಬರ ಮನೆಯ ಕಸ ಮುಸುರೆಗೆ ಸೇರಿದ್ದೇನೆ, ದನದ ಕೊಟ್ಟಿಗೆಯಲ್ಲಿ ಮಲಗಲು ಜಾಗ ಕೊಟ್ಟಿದ್ದಾರೆ. ಔರಂಗಾಬಾದ ಕಡೆಯ ಜನ, ಕೆಟ್ಟವರಲ್ಲ, ಮನೆ ಯಾರದೆಂದು ಅವರಿಗೆ ಗೊತ್ತಿಲ್ಲ. ಸಾಹೇಬರ ಹೆಂಡತಿಗೂ ನಿನ್ನಷ್ಟೇ ತಿಂಗಳು. ಇನ್ನೂ ಚಿಕ್ಕ ಹುಡುಗಿ, ತಾಯಿಯಿಲ್ಲ. ನೀನು ಹುಟ್ಟಿದ ಕೋಣೆಯನ್ನೇ ಅವಳ ಬಾಣಂತನಕ್ಕೆ ನಿನ್ನೆ ಸಾರಿಸಿ ಕೊಟ್ಟೆ. ನಮ್ಮ ಭಾಷೆ ಅವಳಿಗೆ ಬರುವುದಿಲ್ಲ, ಒಂದು ಮಾತು ಮಾತ್ರ ಕಲಿತಿದ್ದಾಳೆ. ರಾತ್ರಿ ಕಾಲು ಸೆಟೆದು ಹಿಡಿದುಕೊಂಡರೆ ಒಳಗಿನಿಂದ ಅವ್ವಾ ಎಂದು ಕೂಗುತ್ತಾಳೆ. ನಾನು ಓ ಅನ್ನುತ್ತೇನೆ.