ಮುಟ್ಟಬಾರದ ದುಡ್ಡು

ಜುಲೈ 8, ಮಂಗಳವಾರ

ಏಳು ಪ್ಯಾಂಟು, ಎರಡು ಜಿಪ್ಪು, ಒಂದು ಕೋಟಿನ ಲೈನಿಂಗು. ಕೋಟಿನವನು ಮೂರು ಸಲ ಬಂದು ತಲೆ ತಿಂದ. ಮಧ್ಯಾಹ್ನ ಕತ್ತರಿ ಅಕ್ಕ ಮೆಷಿನ್ ನಿಲ್ಲಿಸಿ, ಕನ್ನಡಕ ಒರೆಸುತ್ತಾ ಹೇಳಿದಳು. ಅಂಗಡಿ ಬಿಡುತ್ತಾಳಂತೆ. ಕಣ್ಣಿಗೆ ಸೂಜಿ ಕಾಣುತ್ತಿಲ್ಲ, ಮೊಣಕೈ ಮಡಚಿದರೆ ಬಿಡಿಸಲಾಗುತ್ತಿಲ್ಲ. ತಂಗಿ ಮನೆಗೆ ಹೋಗಿ ಇರುತ್ತಾಳಂತೆ. ನನ್ನ ಕೈಯಲ್ಲಿದ್ದ ಟೇಪು ಹಾಗೇ ನಿಂತಿತು. ಇಷ್ಟು ವರ್ಷ ಅವಳ ಹತ್ತಿರ ಪೀಸಿನ ಲೆಕ್ಕದಲ್ಲಿ ಹೊಲಿದಿದ್ದೇನೆ. ಇನ್ನು ಎಲ್ಲಿ ಹೋಗಲಿ?

ಆಮೇಲೆ ಅಂದಳು — “ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ ಕಣಮ್ಮ. ನೀನೇ ತಗೋ.”

ಮೆಷಿನ್ನಿನ ದುಡ್ಡು ಆದಾಗ ಕೊಟ್ಟರೆ ಸಾಕಂತೆ. ಆದರೆ ಕಟ್ಟಡದ ಮಾಲೀಕರಿಗೆ ಹೊಸ ಅಡ್ವಾನ್ಸ್ ಒಂದೇ ಗಂಟಿನಲ್ಲಿ ಕೊಡಬೇಕು. ಬರುವ ತಿಂಗಳು ಆರನೇ ತಾರೀಕಿನೊಳಗೆ. ಇಲ್ಲವಾದರೆ ಪಕ್ಕದ ಮೊಬೈಲ್ ಕವರಿನವನು ಗೋಡೆ ಒಡೆದು ಸೇರಿಸಿಕೊಳ್ಳಲು ಕಾದು ಕೂತಿದ್ದಾನೆ.

ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಪಕ್ಕದವಳು ಸರಿದು ಕೂತಳು. ಬೋರ್ಡಿಗೆ ಯಾವ ಬಣ್ಣ ಅಂತ ಕೂಡ ಯೋಚಿಸಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಜುಲೈ 9, ಬುಧವಾರ

ಊಟ ಆದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಬಡಿಸುವಾಗಲೇ ಬಾಯಿಗೆ ಬಂತು. ಇವರು ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕುವ ಚಾಳಿ ಇಲ್ಲ, ಅದೊಂದು ಒಳ್ಳೆಯ ಗುಣ. ಕೇಳಿ, ನೀರು ಕುಡಿದು, ಶೇರು ಮಾರ್ಕೆಟ್ ಈಗ ಬಿದ್ದಿದೆ, ಬಿದ್ದಾಗ ಮಾರಬಾರದು ಅಂದರು. ಎದ್ದು ಕೈ ತೊಳೆಯಲು ಹೋದರು. ಆಯಿತು, ಮುಗಿಯಿತು.

ಹದಿನಾರು ವರ್ಷದಿಂದ ಈ ಮನೆಯಲ್ಲಿ ಒಂದೇ ಜಪ. ಇಂಡೆಕ್ಸ್ ಫಂಡು. ಇಡೀ ಮಾರ್ಕೆಟ್ಟನ್ನೇ ಚೂರು ಚೂರು ಕೊಂಡು ಸುಮ್ಮನೆ ಕೂರುವುದು. ಆರಿಸಿ ಕೊಡುವ ಬುದ್ಧಿವಂತ ಬೇಡ, ಅವನ ಫೀಸೂ ಬೇಡ. ವರ್ಷಕ್ಕೆ ನೂರಕ್ಕೆ ಎರಡು ಫೀಸು ಅಂದರೆ ಚಿಲ್ಲರೆ ಅನ್ನಿಸುತ್ತದೆ, ಇಪ್ಪತ್ತು ವರ್ಷಕ್ಕೆ ಮೂರನೇ ಒಂದು ಪಾಲು ನುಂಗಿ ನೀರು ಕುಡಿಯುತ್ತದೆ — ನನಗೂ ಬಾಯಿಪಾಠ. ಮೈದುನ ಇವರನ್ನು ನೋಡಿ ನಗುತ್ತಿದ್ದ. ಏಜೆಂಟನ ಮಾತು ಕೇಳಿ ವರ್ಷಕ್ಕೊಂದು ಸ್ಕೀಮು ಬದಲಾಯಿಸಿದ. ಈಗ ಅಣ್ಣನ ಮುಂದೆ ತಲೆ ಎತ್ತುವುದಿಲ್ಲ.

ಇವರು ಹೇಳಿದ್ದೆಲ್ಲ ಸರಿಯಾಗಿದೆ. ಅದೇ ನನ್ನ ಕರ್ಮ. ತಪ್ಪು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಜುಲೈ 13, ಭಾನುವಾರ

ಭಾನುವಾರದ ಶಿಷ್ಯರು ಬಂದಿದ್ದರು. ಇವರ ಮೀಟರ್ ಟೆಸ್ಟಿಂಗ್ ಸೆಕ್ಷನ್ನಿನ ನಾಲ್ಕೈದು ಜನ. ಚಹಾ ನನ್ನದು, ಉಪದೇಶ ಇವರದು, ಎರಡೂ ಪುಕ್ಕಟೆ. ಇವರು ಯಾರ ಹತ್ತಿರವೂ ಬಿಡಿಗಾಸು ತೆಗೆದುಕೊಂಡವರಲ್ಲ. ಅದಕ್ಕೇ ಎಲ್ಲರಿಗೂ ಇವರೆಂದರೆ ಭಕ್ತಿ.

ಇವತ್ತು ‘ಮನುಷ್ಯನ ಕೈ’ಯ ಪಾಠ. ದುಡ್ಡಿಗೆ ಮನುಷ್ಯನ ಕೈಯೇ ಶತ್ರು ಅಂತ. ಬಿದ್ದರೆ ಹೆದರಿ ಮಾರುತ್ತದೆ, ಏರಿದರೆ ಆಸೆಗೆ ಬಿದ್ದು ಕೊಳ್ಳುತ್ತದೆ. ಆದ್ದರಿಂದ ಇವರು ಕೈಯೇ ಸೋಕದ ಹಾಗೆ ವ್ಯವಸ್ಥೆ ಮಾಡಿದ್ದಾರೆ — ನಮ್ಮಿಬ್ಬರ ಜಾಯಿಂಟ್ ಅಕೌಂಟಿನಲ್ಲಿ ಮನೆಖರ್ಚು ಬಿಟ್ಟು ಏನೇ ಉಳಿದರೂ ಪ್ರತಿ ಐದನೇ ತಾರೀಕು ತಾನಾಗಿ ಫಂಡಿಗೆ ಹೋಗುತ್ತದೆ. ಶಿಷ್ಯರು ತಲೆದೂಗಿದರು. ಒಬ್ಬ ಬರೆದುಕೊಂಡ.

ನಾನು ಚಹಾ ಕೊಟ್ಟು ಒಳಗೆ ಬಂದೆ. ಅವರಿಗೆಲ್ಲ ಒಂದೊಂದು ಗಂಟೆ ಕೊಡುತ್ತಾರೆ. ನನ್ನ ಅಂಗಡಿಗೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

ಜುಲೈ 21, ಸೋಮವಾರ

ಮಾರ್ಕೆಟ್ ಏರಿದೆ ಅಂತ ರೇಡಿಯೋದಲ್ಲಿ ಬಂತು. ಬೆಳಿಗ್ಗೆಯೇ ಹಿಡಿದುಕೊಂಡೆ. ಏರಿದೆಯಲ್ಲ, ಈಗ ತೆಗೆಯೋಣ ಅಂದೆ. ಏರುವಾಗ ಯಾರಾದರೂ ತೆಗೆಯುತ್ತಾರಾ ಅಂದರು. ಬಿದ್ದಾಗ ಮಾರಬಾರದು, ಏರಿದಾಗ ಮಾರಬಾರದು. ಹಾಗಾದರೆ ಮಾರುವುದು ಯಾವಾಗ ಅಂತ ಕೇಳಿದೆ. ರಿಟೈರ್ ಆದ ಮೇಲೆ ನೋಡೋಣವಂತೆ. ಹನಿಗೂಡಿ ಹಳ್ಳವಾಗಿದೆ ನಿಜ. ಆ ಹಳ್ಳದಿಂದ ಒಂದು ಚೊಂಬು ಮೊಗೆಯುವ ಹಾಗಿಲ್ಲ.

ಆಪತ್ತಿಗೆ ಅಂತ ಇವರ ಹೆಸರಲ್ಲಿ ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದಾರಲ್ಲ, ಅದನ್ನಾದರೂ ಕೊಡಿ ಅಂದೆ. ಆಪತ್ತು ಅಂದರೆ ಆಸ್ಪತ್ರೆ, ಕೆಲಸ ಹೋಗುವುದು. ಅಂಗಡಿ ಆಪತ್ತಲ್ಲ. ನನ್ನ ಆಸೆ ಇವರ ಯಾವ ಖಾನೆಯಲ್ಲೂ ಕೂರುವುದಿಲ್ಲ. ಕುಕ್ಕರಿನ ಮುಚ್ಚಳ ಸ್ವಲ್ಪ ಜೋರಾಗಿಯೇ ಹಾಕಿದೆ. ಇವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವರಂತೆ ಇದ್ದರು.

ಜುಲೈ 28, ಸೋಮವಾರ. ಮಧ್ಯಾಹ್ನ

ಅಂಗಡಿಯಲ್ಲಿದ್ದಾಗ ಹಾಸ್ಟೆಲ್ಲಿನಿಂದ ಮಗಳ ಫೋನು. ಅವಳು ಅಪ್ಪನ ಕಡೆ ಯಾವಾಗಲೂ. ಇವತ್ತು ಯಾಕೋ — “ಅಮ್ಮಾ, ಫಂಡಿನ ಯೂನಿಟ್ಟೆಲ್ಲ ಇರೋದು ನಿನ್ನ ಹೆಸರಲ್ಲೇ ಅಲ್ವಾ? ಅಪ್ಪನ್ನ ಯಾಕೆ ಕೇಳ್ತಾ ಕೂತಿದ್ದೀಯ?”

ಹೌದಲ್ಲ. ನನಗೆ ಆದಾಯ ಕಮ್ಮಿ, ನನ್ನ ಹೆಸರಲ್ಲಿಟ್ಟರೆ ತೆರಿಗೆ ಕಮ್ಮಿ ಅಂತ ಮೊದಲ ದಿನದಿಂದ ನನ್ನ ಹೆಸರಲ್ಲೇ ಹಾಕಿದ್ದಾರೆ. ತೋರಿಸಿದ ಕಡೆ ಸಹಿ ಹಾಕಿದವಳು ನಾನು. ನನ್ನ ಕೂಲಿಯೂ ಅದರಲ್ಲಿ ಬಿದ್ದಿದೆ. ಕತ್ತರಿ ಅಕ್ಕನಿಗೆ ಹೇಳಿದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಳು. ನಕ್ಕೆವು. ಎಷ್ಟು ದಿನವಾಗಿತ್ತು ಹಾಗೆ ನಕ್ಕು.

ಜುಲೈ 30, ಬುಧವಾರ

ಆಯಿತು!

ಇವತ್ತು ರಜೆ ಹಾಕಿ ಮನೆಯಲ್ಲಿದ್ದರು. ಎದುರಿಗೆ ಕೂತು ಹೇಳಿದೆ. ಕೂಗಾಡಲಿಲ್ಲ, ಅಳಲಿಲ್ಲ. ನನ್ನ ಹೆಸರಲ್ಲಿರುವುದನ್ನು ನಾನು ತೆಗೆಯುತ್ತೇನೆ, ಅಡ್ವಾನ್ಸಿಗೆ ಬೇಕಾದಷ್ಟೇ, ಉಳಿದದ್ದು ಮುಟ್ಟುವುದಿಲ್ಲ ಅಂದೆ. ಇವರು ಫಂಡಿನ ಆಪ್ ತೆರೆದು ಮೊಬೈಲನ್ನು ನನ್ನ ಕೈಗಿತ್ತರು.

“ನಿನ್ನ ದುಡ್ಡು. ನೀನೇ ಒತ್ತು.”

ಒತ್ತಿದೆ. ಮುಖ ಸಣ್ಣದು ಮಾಡಿಕೊಂಡು ಪಕ್ಕದಲ್ಲೇ ಇದ್ದರು ಪಾಪ. ಹದಿನಾರು ವರ್ಷದ ವ್ರತ ಮುರಿದ ಹಾಗೆ. ಎರಡು ಮೂರು ಕೆಲಸದ ದಿನದಲ್ಲಿ ಜಾಯಿಂಟ್ ಅಕೌಂಟಿಗೆ ಬರುತ್ತದಂತೆ. ಇವರ ಮೇಲೆ ಮೂರು ವಾರದಿಂದ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಸಂಜೆ ಇವರ ಶರ್ಟಿನ ಸವೆದ ಕಾಲರ್ ಬಿಚ್ಚಿ ತಿರುಗಿಸಿ ಹೊಲಿದೆ. ಕೇಳದೆಯೇ.

ಆಗಸ್ಟ್ 4, ಸೋಮವಾರ. ಸಂಜೆ

ದುಡ್ಡು ಬಂತು. ಇವರೇ ಬಂದು ಹೇಳಿದರು. ಮಾಲೀಕರಿಗೆ ಫೋನ್ ಮಾಡಿದೆ, ನಾಳೆ ಹನ್ನೊಂದಕ್ಕೆ ಬ್ಯಾಂಕಿನ ಹತ್ತಿರವೇ ಬರುತ್ತಾರಂತೆ. ಬೋರ್ಡಿಗೆ ಹಳದಿ ಮೇಲೆ ಕಪ್ಪು ಅಕ್ಷರ ಅಂತ ಇವರಿಗೆ ಹೇಳಿದೆ. ಹ್ಞೂಂ ಅಂದರು. ನಿದ್ದೆ ಬಂದರೆ ಕೇಳಿ.

ಆಗಸ್ಟ್ 5, ಮಂಗಳವಾರ. ಮಧ್ಯಾಹ್ನ

ಅಕೌಂಟಿನಲ್ಲಿ ದುಡ್ಡಿಲ್ಲ.

ಕೌಂಟರಿನವಳು ಸ್ಕ್ರೀನ್ ನೋಡಿ, ಬೆಳಿಗ್ಗೆಯೇ ಫಂಡಿಗೆ ಹೋಗಿದೆಯಲ್ಲ ಮೇಡಂ ಅಂದಳು. ಯಾವ ಫಂಡಿಗೆ ಅಂತ ಕೇಳಿದೆ — ಪೆದ್ದಿಯ ಹಾಗೆ. ಐದನೇ ತಾರೀಕು. ಉಳಿದದ್ದೆಲ್ಲ ತಾನಾಗಿ ಹೋಗುತ್ತದೆ. ಆ ಅಕೌಂಟಿನಲ್ಲಿ ಉಳಿಯುತ್ತಿದ್ದದ್ದೇ ಚೂರುಪಾರು, ಅದು ಹೋಗುತ್ತದೆ ಅನ್ನುವುದು ನನಗೆ ನೆನಪೇ ಇರಲಿಲ್ಲ. ನನ್ನ ಅಂಗಡಿಯನ್ನೂ ಚೂರುಪಾರಿನ ಜೊತೆ ಗುಡಿಸಿಕೊಂಡು ಹೋಗಿದೆ.

ಮಾಲೀಕರು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಏನು ಹೇಳಿದೆನೋ ನೆನಪಿಲ್ಲ.

ಇವರಿಗೆ ಫೋನ್ ಮಾಡಿದೆ. ಅಯ್ಯೋ ಅಂದರು. ಇವತ್ತು ಐದಾ ಅಂದರು. ಮತ್ತೆ ಮಾರಿದರೆ ಮತ್ತೆ ಮೂರು ದಿನ ಬೇಕು. ಬ್ಯಾಂಕಿನ ಆ ಇನ್ನೊಂದು ದುಡ್ಡು ಮುರಿಸಿ ಅಂತ ಬೇಡಿಕೊಂಡೆ, ರಸ್ತೆಯಲ್ಲಿ ನಿಂತು. ಮೂರು ದಿನದ ಮಟ್ಟಿಗೆ. ಅದು ಆಪತ್ತಿನ ದುಡ್ಡು ಕಣೇ ಅಂದರು. ಮೆತ್ತಗೆ, ಮಗುವಿಗೆ ಹೇಳುವ ಹಾಗೆ.

ಆಗಸ್ಟ್ 6, ಬುಧವಾರ

ಕತ್ತರಿ ಅಕ್ಕ ಮಾಲೀಕರ ಕಾಲು ಹಿಡಿಯುವುದೊಂದು ಬಾಕಿ. ಸಂಜೆಯವರೆಗೆ ಕಾದರು. ಕವರಿನವನು ನೋಟಿನ ಕಟ್ಟು ಹಿಡಿದುಕೊಂಡೇ ನಿಂತಿದ್ದ. ಅಂಗಡಿ ಅವನಿಗೆ ಆಯಿತು.

ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಟೇಪು ಸುತ್ತಿಡುತ್ತಾ ಅಂದಳು — “ನಿನ್ನ ಗಂಡಂಗೆ ಇಷ್ಟ ಇಲ್ಲ ಅಂದ್ರೆ ನೇರ ಹೇಳಬಹುದಿತ್ತಲ್ಲಮ್ಮ. ದುಡ್ಡು ತಾನಾಗೇ ವಾಪಸ್ ಹೋಯ್ತು ಅಂದ್ರೆ ಯಾರು ನಂಬ್ತಾರೆ?”

ಅಂಗಡಿ ಹೋಗಿದ್ದಕ್ಕಿಂತ ಇದು ಜಾಸ್ತಿ ಉರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮೇಲಿಂದ ಸುಳ್ಳಿ ಅನ್ನಿಸಿಕೊಂಡೆ.

ಆಗಸ್ಟ್ 7

ಬರೆಯಲು ಏನಿಲ್ಲ.

ಆಗಸ್ಟ್ 24, ಭಾನುವಾರ

ಮನೆಯಲ್ಲೇ ಇದ್ದೇನೆ. ಅಕ್ಕ ಹೋದಳು. ಹೋಗುವ ದಿನ ನಾನು ಹೋಗಲಿಲ್ಲ, ಮುಖ ತೋರಿಸಲು ಆಗಲಿಲ್ಲ. ಮೊನ್ನೆ ಆ ದಾರಿಯಲ್ಲಿ ಬಸ್ಸು ಹೋಯಿತು. ನಾನು ಕೂರುತ್ತಿದ್ದ ಕಡೆ ಮೊಬೈಲ್ ಕವರುಗಳು ನೇತಾಡುತ್ತಿವೆ.

ಇವತ್ತು ಮತ್ತೆ ಶಿಷ್ಯರು. ಟ್ರೇ ಹಿಡಿದು ಬಾಗಿಲ ಹತ್ತಿರ ಬಂದಿದ್ದೆ. ಅವರಲ್ಲಿ ಒಬ್ಬ, ಮದುವೆ ಹತ್ತಿರ ಬಂದವನು, ಕೇಳಿದ — ಸರ್, ಎಲ್ಲ ತಾನಾಗಿ ಹೋದರೆ ಕಷ್ಟ ಅಲ್ಲವಾ, ಆ ತಿಂಗಳು ದುಡ್ಡಿನ ಅಗತ್ಯ ಬಿದ್ದರೆ? ಇವರು ಖುಷಿಯಿಂದ ವಿವರಿಸಿದರು. ಅದಕ್ಕೂ ದಾರಿ ಇದೆ. ಹಿಂದಿನ ದಿನ ಸಂಜೆ ಮೊಬೈಲಿಗೆ ಮೆಸೇಜ್ ಬರುತ್ತದೆ, ನಾಳೆ ಇಷ್ಟು ಹೋಗುತ್ತದೆ ಅಂತ. ಬೇಡ ಅಂತ ಒತ್ತಿದರೆ ಆ ತಿಂಗಳ ಮಟ್ಟಿಗೆ ನಿಲ್ಲುತ್ತದೆ.

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಟ್ರೇ ಅಲ್ಲೇ ಸ್ಟೂಲಿನ ಮೇಲಿಟ್ಟು ಒಳಗೆ ಬಂದೆ. ಶಿಷ್ಯರೇ ಎದ್ದು ಚಹಾ ತೆಗೆದುಕೊಂಡರು.

ಅವರು ಹೋಗುವವರೆಗೆ ಕಾದೆ. ಇವರು ನಾಳೆಗೆ ಬೂಟು ಒರೆಸುತ್ತಾ ಕೂತಿದ್ದರು.

“ನಾಲ್ಕನೇ ತಾರೀಕು ಮೆಸೇಜ್ ಬಂದಿತ್ತಾ?”

“ಬಂದಿತ್ತು.”

“ನೋಡಿದ್ರಾ?”

ಬಟ್ಟೆ ಕೆಳಗಿಟ್ಟರು. ಸುಳ್ಳು ಹೇಳುವವರಲ್ಲ ಇವರು, ಆ ಜಂಬ ಒಂದು ಇದೆ. “ನೋಡಿದೆ. ಬೇಡ ಅಂತ ಒತ್ತೋಕೆ ಕೈ ಬರಲಿಲ್ಲ ಕಣೇ. ನಾನೇನೂ ಮಾಡಲಿಲ್ಲ. ಸುಮ್ಮನೆ ಇದ್ದೆ, ಅಷ್ಟೇ.”

ಬೋರ್ಡಿನ ಬಣ್ಣ ಹೇಳುತ್ತಿದ್ದೆನಲ್ಲ, ಆಗ ಆ ಮೆಸೇಜು ಇವರ ಜೇಬಿನಲ್ಲೇ ಇತ್ತು. ಹ್ಞೂಂ ಅಂದಿದ್ದರು. ಮರುದಿನ ಫೋನಿನಲ್ಲಿ ಅಯ್ಯೋ ಅಂದಿದ್ದರು.

ಮತ್ತೆ ಬಟ್ಟೆ ಎತ್ತಿಕೊಂಡು ಮುಂದುವರಿಸಿದರು. ಏನು ಕಳೆದುಕೊಂಡೆ ಹೇಳು ಅಂತ. ಅವತ್ತು ಹೋದ ದುಡ್ಡು ಆಗಲೇ ನೂರಕ್ಕೆ ಮೂರರಂತೆ ಏರಿದೆ. ಹೊಲಿಗೆ ಅಂಗಡಿಯಲ್ಲಿ ಮೂರು ವಾರಕ್ಕೆ ಅಷ್ಟು ಬರುತ್ತಿತ್ತಾ?

ಬರುತ್ತಿರಲಿಲ್ಲ. ಲೆಕ್ಕ ಸರಿ. ಈ ಮನುಷ್ಯನ ಲೆಕ್ಕ ಯಾವತ್ತೂ ತಪ್ಪಿಲ್ಲ. ಇವರ ಮುಖ ನೋಡಲು ಅಸಹ್ಯವಾಯಿತು. ಹೀಗೆ ಬರೆಯಬಾರದೇನೋ. ಆದರೂ ಅಸಹ್ಯವೇ ಆಯಿತು.

ಆಗಸ್ಟ್ 26, ಮಂಗಳವಾರ

ಇಪ್ಪತ್ತನಾಲ್ಕು ವರ್ಷದ ಸಂಸಾರ. ಕುಡಿಯಲಿಲ್ಲ, ಹೊಡೆಯಲಿಲ್ಲ, ಸಾಲ ಮಾಡಲಿಲ್ಲ. ನನ್ನ ತಂಗಿಗೆ ಹೇಳಿದರೆ, ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು, ಬಿಡೇ ಅಂದಳು. ಬಿಟ್ಟೆ — ಅವಳಿಗೆ ಹೇಳುವುದನ್ನು.

ಅನ್ನಕ್ಕಿಟ್ಟು ಉಪ್ಪು ಡಬ್ಬಿ ಹುಡುಕುತ್ತಾ ಅರ್ಧ ಗಂಟೆ ನಿಂತಿದ್ದೆ. ಕೈಯಲ್ಲೇ ಇತ್ತು.

ಸೆಪ್ಟೆಂಬರ್ 2, ಮಂಗಳವಾರ. ಸಂಜೆ ಆರು

ಬೆಳಿಗ್ಗೆ ಇವರು ಆ ಕಡೆ ಹೋದ ಮೇಲೆ ನಾನು ಈ ಕಡೆ ಹೊರಟೆ. ಮೊದಲು ಬ್ಯಾಂಕು. ನನ್ನೊಬ್ಬಳ ಹೆಸರಲ್ಲಿ ಅಕೌಂಟು. ಜೊತೆಗೆ ಇನ್ಯಾರ ಹೆಸರು ಸೇರಿಸಬೇಕು ಅಂದಳು ಅದೇ ಕೌಂಟರಿನವಳು. ಯಾರದೂ ಬೇಡ ಅಂದೆ. ತಲೆ ಎತ್ತಿ ನೋಡಿದಳು, ಗುರುತು ಹಿಡಿದಳು, ಆಮೇಲೆ ಏನೂ ಕೇಳಲಿಲ್ಲ.

ಅಲ್ಲಿಂದ ಫಂಡಿನ ಆಫೀಸು. ಎರಡನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಫಂಡಿಗೆ ಸೇರಿಸಿದ್ದ ಜಾಯಿಂಟ್ ಅಕೌಂಟ್ ತೆಗೆಸಿ ನನ್ನದು ಹಾಕಿಸಿದೆ. ಇವರ ಫೋನ್ ನಂಬರ್ ತೆಗೆಸಿ ನನ್ನದು, ಆಪಿನ ಪಾಸ್‌ವರ್ಡೂ ಹೊಸದು. ಐದನೇ ತಾರೀಕಿನ ಆ ವ್ಯವಸ್ಥೆ ರದ್ದು. ಅಲ್ಲಿನ ಹುಡುಗಿ ಹೆದರುತ್ತಾ ಕೇಳಿದಳು, ಎಲ್ಲ ಮಾರ್ತೀರಾ ಆಂಟಿ, ಇಷ್ಟು ವರ್ಷದ್ದು?

ಮಾರುವುದಿಲ್ಲ ಅಂದೆ. ಯಾಕೆ ಮಾರಲಿ? ಕಮ್ಮಿ ಖರ್ಚಿನ ಫಂಡು, ಮುಟ್ಟದೆ ಬಿಟ್ಟರೆ ಬೆಳೆಯುತ್ತದೆ, ಇವರು ಹೇಳಿದ್ದು ನೂರಕ್ಕೆ ನೂರು ಸರಿ. ಮುಟ್ಟಬೇಕೋ ಬೇಡವೋ ಅನ್ನುವುದನ್ನು ಇನ್ನು ನಾನು ನೋಡಿಕೊಳ್ಳುತ್ತೇನೆ.

ಮೆಟ್ಟಿಲು ಇಳಿಯುವಾಗ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಂಗಡಿ ಬರುವುದಿಲ್ಲ, ಅಕ್ಕ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ದುಡ್ಡಲ್ಲ, ಆ ಹಳದಿ ಬೋರ್ಡು. ರಸ್ತೆಬದಿ ಕೂತು ಸ್ವಲ್ಪ ಅತ್ತೆ. ಜನ ನೋಡಿದರು, ನೋಡಲಿ ಬಿಡು ಅಂತ ಅತ್ತೆ.

ಇವರು ಬಂದರು. ಬೂಟು ಬಿಚ್ಚುತ್ತಿದ್ದಾರೆ. ಆಪ್ ತೆರೆಯುತ್ತಿಲ್ಲ, ಪಾಸ್‌ವರ್ಡ್ ತಪ್ಪು ಅಂತಿದೆ, ಏನಾಯ್ತು ನೋಡು ಬಾ ಅಂತ ಹಾಲಿನಿಂದ ಕೂಗುತ್ತಿದ್ದಾರೆ. ಇನ್ನೊಂದು ಸಲ ಕೂಗಿದರು. ಈಗ ಎದ್ದು ಬರುತ್ತಿದ್ದಾರೆ. ಬರಲಿ. ನಾನೇನೂ ಮಾಡಲಿಲ್ಲ, ಸುಮ್ಮನೆ ಇದ್ದೆ ಅಂತ ನಾನು ಹೇಳುವುದಿಲ್ಲ. ನಾನು ಮಾಡಿದ್ದೇನೆ. ಅದನ್ನೇ ಹೇಳುತ್ತೇನೆ.